ಯಂತ್ರಕ್ಕೆ ಕುಂಕುಮ: ರಾಜಗೋಪಾಲನಗರದ ಆಯುಧಪೂಜೆ ಮತ್ತು ಸಂಪ್ರದಾಯದ ಪ್ರಶ್ನೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ರಾಜಗೋಪಾಲನಗರದ ಸಣ್ಣ ಕಾರ್ಖಾನೆಗಳಲ್ಲಿ ಮಹಾನವಮಿಯ ಹೊತ್ತಿಗೆ ನಡೆಯುವ ಆಯುಧಪೂಜೆಯನ್ನು ಮಾಲೀಕರೂ ಕಾರ್ಮಿಕರೂ ಸಾಂಪ್ರದಾಯಿಕವೆಂದೇ ತಿಳಿದಿದ್ದಾರೆ. ಆದರೆ ಅಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುವ ಲೇತ್ ಆಗಲಿ, ಕಂಪ್ಯೂಟರಿನ ಆದೇಶದಂತೆ ಲೋಹವನ್ನು ಕೊರೆಯುವ ಸಿಎನ್‌ಸಿ ಯಂತ್ರವಾಗಲಿ, ಅವು ನಿಂತಿರುವ ಶೆಡ್ಡುಗಳಾಗಲಿ ಹಳೆಯವಲ್ಲ. ಪೂಜೆಯ ವಸ್ತು, ಸ್ಥಳ, ಭಕ್ತರು ಮೂರೂ ಹೊಸದಾಗಿರುವಾಗ ಸಂಪ್ರದಾಯವೆಂಬುದು ಯಾವುದರಲ್ಲಿ ಉಳಿದಿದೆ ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಇತಿಹಾಸಕಾರರಾದ ಎರಿಕ್ ಹಾಬ್ಸ್‌ಬಾಮ್ ಮತ್ತು ಟೆರೆನ್ಸ್ ರೇಂಜರ್ 1983ರಲ್ಲಿ ಸಂಪಾದಿಸಿದ 'ದಿ ಇನ್ವೆನ್ಷನ್ ಆಫ್ ಟ್ರೆಡಿಷನ್' ಕೃತಿ, ಪ್ರಾಚೀನವೆಂದು ತೋರಿಸಿಕೊಳ್ಳುವ ಎಷ್ಟೋ ಆಚರಣೆಗಳು ಇತ್ತೀಚಿನ ನಿರ್ಮಾಣಗಳೆಂದು ತೋರಿಸಿತು. ಅದೇ ಕೃತಿಯ ಪ್ರಸ್ತಾವನೆಯಲ್ಲಿ ಹಾಬ್ಸ್‌ಬಾಮ್ ಬದಲಾಗದಂತೆ ಕಟ್ಟಿಟ್ಟ ಸಂಪ್ರದಾಯವನ್ನು ಬದಲಾವಣೆಗೆ ಎಡೆಗೊಡುವ ರೂಢಿಯಿಂದ ಬೇರ್ಪಡಿಸಿ, ರೂಢಿಯು ಸಮಾಜಕ್ಕೆ ಮೋಟಾರೂ ಹೌದು, ವೇಗವನ್ನು ಹಿಡಿತದಲ್ಲಿಡುವ ಫ್ಲೈವೀಲೂ ಹೌದು ಎಂದರು. ಯಂತ್ರಪೂಜೆಯ ಚರ್ಚೆಗೆ ಈ ಎರಡನೆಯ ಮಾತೇ ಹೆಚ್ಚು ಒದಗುತ್ತದೆ, ಆದರೂ ಉಲ್ಲೇಖಗೊಳ್ಳುವುದು ಬಹುತೇಕ ಮೊದಲನೆಯದೇ.

ಆಯುಧಪೂಜೆಯ ವಿವರವಾದ ಹಳೆಯ ವರ್ಣನೆಗಳು ವಿಜಯನಗರದ ಮಹಾನವಮಿಗೆ ಸಂಬಂಧಿಸಿದವು. 1520ರ ಸುಮಾರಿಗೆ ಅಲ್ಲಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಅರಸನ ಮುಂದೆ ನಡೆದ ಆನೆ ಕುದುರೆಗಳ ಪೂಜೆ, ಸೈನ್ಯದ ಪರಿವೀಕ್ಷಣೆ, ಕೋಣ ಕುರಿಗಳ ಬಲಿ ಇವನ್ನೆಲ್ಲ ದಾಖಲಿಸಿದ್ದಾನೆ. ಸುಮಾರು ಒಂದೂವರೆ ದಶಕದ ನಂತರ ಬರೆದ ಫೆರ್ನಾವೊ ನೂನಿಜ್, ನಾಯಕರು ಅರಸನಿಗೆ ಸಲ್ಲಿಸಬೇಕಾದ ವಾರ್ಷಿಕ ಹಣವನ್ನು ಈ ಒಂಬತ್ತು ದಿನಗಳ ಹಬ್ಬದ ಸಮಯಕ್ಕೆ ಜೋಡಿಸಿ ಹೇಳುತ್ತಾನೆ. ಎಂದರೆ ಹಬ್ಬವು ಭಕ್ತಿಯ ಸಂದರ್ಭವಾಗಿದ್ದಷ್ಟೇ ಲೆಕ್ಕ ಚುಕ್ತಾ ಮಾಡುವ ಸಂದರ್ಭವೂ ಆಗಿತ್ತು, ಮತ್ತು ಹಣ ಕೆಳಗಿನಿಂದ ಮೇಲಕ್ಕೆ ಹರಿಯುತ್ತಿತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ಈ ಮಾದರಿಯನ್ನೇ ಮುಂದುವರಿಸಿತು. ಗೋವಿಂದ ವೈದ್ಯನ 'ಕಂಠೀರವ ನರಸರಾಜ ವಿಜಯ' (1648) ಅದನ್ನು ವರ್ಣಿಸಿದೆ. 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಯುರೋಪಿಯನ್ನರಿಗೆಂದೇ ದರ್ಬಾರು ಸೇರಿಕೊಂಡಿತು. 1971ರ ಸಂವಿಧಾನ ತಿದ್ದುಪಡಿ ರಾಜಧನವನ್ನು ರದ್ದುಮಾಡಿದ ಬಳಿಕ ಅಂಬಾರಿಯಲ್ಲಿ ಅರಸರ ಜಾಗಕ್ಕೆ ಚಾಮುಂಡೇಶ್ವರಿಯ ವಿಗ್ರಹ ಬಂದಿತು. ಇಷ್ಟಾದರೂ ದಸರೆಯ ಸಾಂಪ್ರದಾಯಿಕತೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಅರಮನೆಯ ಖಡ್ಗದ ಜೊತೆಗೆ ರೈತನ ನೇಗಿಲು, ಕಮ್ಮಾರನ ಸುತ್ತಿಗೆ, ಬಡಗಿಯ ಉಳಿಗಳೂ ಪೂಜೆಗೊಳ್ಳುವ ರೂಢಿ ಇದ್ದುದರಿಂದಲೇ ಆಯುಧವೆಂಬುದು ಉಪಕರಣ, ಉಪಕರಣವೆಂಬುದು ಯಂತ್ರ ಎಂದು ವಿಸ್ತರಿಸಿಕೊಳ್ಳುವುದು ಸುಲಭವಾಯಿತು. ಸರ್ಕಾರಿ ಉದ್ಯಮಗಳ ಪೈಕಿ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬೆಂಗಳೂರಿನಲ್ಲಿ ಸ್ಥಾಪನೆಯಾದವು. ಇಂಥ ದೊಡ್ಡ ಉದ್ಯಮಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳು 1970ರ ದಶಕದಿಂದ ಪೀಣ್ಯದಲ್ಲಿ ಬೆಳೆದು, ಗಿರಾಕಿ ಕೊಟ್ಟ ನಕ್ಷೆಯಂತೆ ಭಾಗಗಳನ್ನು ಮಾಡಿಕೊಡುವ 'ಜಾಬ್ ವರ್ಕ್' ಶೆಡ್ಡುಗಳಾಗಿ ಸುತ್ತಲಿನ ಬಡಾವಣೆಗಳಿಗೆ ಹಬ್ಬಿದವು. ಯಂತ್ರ ಬಂದರೆ ಪೂಜೆ ಹೋಗುತ್ತದೆಂಬ ಆಧುನೀಕರಣವಾದಿಗಳ ನಿರೀಕ್ಷೆ ಇಲ್ಲಿ ಸುಳ್ಳಾಯಿತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ತಾವು ರಾಂಪುರವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ, ಬುಲ್ಡೋಜರ್ ಓಡಿಸುತ್ತಲೇ ಹಳೆಯ ಬಗೆಯ ಮಾಟವನ್ನೂ ಮಾಡುತ್ತಿದ್ದ ಚಾಲಕನೊಬ್ಬನನ್ನು 1952ರಲ್ಲಿಯೇ ಕಂಡಿದ್ದರು. ಆತನಿಗೆ ಎರಡರ ನಡುವೆ ವಿರೋಧವೇ ಕಾಣಲಿಲ್ಲವೆಂಬುದು ಅವರ ಗಮನಕ್ಕೆ ಬಂದಿತ್ತು.

ಆದರೆ ಮನಸ್ಸಿನ ಈ ಹೊಂದಾಣಿಕೆಯೊಂದರಿಂದಲೇ ರಾಜಗೋಪಾಲನಗರದ ಆಚರಣೆ ಪೂರ್ತಿ ಅರ್ಥವಾಗುವುದಿಲ್ಲ. 1965ರ ಬೋನಸ್ ಪಾವತಿ ಕಾಯ್ದೆ, ಮುಂದಿನ ತಿದ್ದುಪಡಿಗಳ ಬಳಿಕ, ಸಂಬಳದ ಕನಿಷ್ಠ ಶೇಕಡಾ 8.33 ಬೋನಸ್ಸನ್ನು ಲೆಕ್ಕಪತ್ರದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕೆಂದು ವಿಧಿಸಿತು. ಮಾರ್ಚಿಗೆ ವರ್ಷ ಮುಗಿಸುವ ಕಾರ್ಖಾನೆಗೆ ಆ ಗಡುವು ನವೆಂಬರಿನ ಕೊನೆಗೆ ಬೀಳುವುದರಿಂದ ದಸರೆ ದೀಪಾವಳಿಗಳೇ ಬೋನಸ್ಸಿನ ಕಾಲವಾದವು. ಕಾರ್ಖಾನೆ ಕಾಯ್ದೆಯ ವ್ಯಾಪ್ತಿಗೆ ಬರುವ ಕಾರ್ಖಾನೆಗಳಿಗೆ ಮತ್ತು ಸಾಮಾನ್ಯವಾಗಿ 20 ಅಥವಾ ಅದಕ್ಕೂ ಹೆಚ್ಚು ಜನರಿರುವ ಇತರ ಸಂಸ್ಥೆಗಳಿಗಷ್ಟೇ ಆ ಕಾಯ್ದೆ ಅನ್ವಯಿಸುತ್ತಿದ್ದುದರಿಂದ, ಐದಾರು ಜನ ದುಡಿಯುವ ಶೆಡ್ಡುಗಳು ಅದರ ಹೊರಗೇ ಉಳಿದವು. ಅಲ್ಲಿ ಮಾಲೀಕನನ್ನು ಕಟ್ಟಿಹಾಕುವುದು ಹಬ್ಬ: ಎಣ್ಣೆ ಜಿಡ್ಡು ಒರೆಸಿ, ಬಾಳೆಕಂದು ಕಟ್ಟಿ, ಚೆಂಡು ಹೂವು ಮುಡಿಸಿ, ಯಂತ್ರ ನಿಲ್ಲಿಸಿ ಪೂಜೆಯಾದ ಮೇಲೆ ಕಡ್ಲೆಪುರಿ, ಸಿಹಿ ಮತ್ತು ಒಂದು ಲಕೋಟೆ ಕೈಸೇರಬೇಕೆಂಬುದನ್ನು ಯಾವ ಕಾಗದವೂ ಹೇಳದಿದ್ದರೂ, ಕೊಡದ ಮಾಲೀಕ ವರ್ಷವಿಡೀ ಮಾತು ಕೇಳಬೇಕಾಗುತ್ತದೆ. ನೂನಿಜ್ ಕಂಡ ಹಬ್ಬದ ಹಣ ಇಲ್ಲಿ ದಿಕ್ಕು ಬದಲಿಸಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಆದ್ದರಿಂದ ಒಂದು ಆಚರಣೆ ಸಾಂಪ್ರದಾಯಿಕವಾಗುವುದು ಅದರ ವಯಸ್ಸಿನಿಂದಲ್ಲ, ಅದನ್ನು ಬಿಟ್ಟವರು ಸಮಜಾಯಿಷಿ ಕೊಡಬೇಕಾಗುವುದರಿಂದ ಎಂದು ಹೇಳುವುದು ಹೆಚ್ಚು ಸರಿ.

ವಿಧಿಯ ವಿವರಗಳು ಮಾತ್ರ ಸಡಿಲವಾಗಿಯೇ ಇವೆ. ವಿಜಯನಗರದ ಕೋಣನ ಬಲಿಯ ಸ್ಥಾನದಲ್ಲಿ ಇಂದು ಕುಂಕುಮ ತುಂಬಿದ ಬೂದುಗುಂಬಳಕಾಯಿ ಒಡೆಯುತ್ತದೆ, ಅದನ್ನು ರಸ್ತೆಯಲ್ಲಿ ಬಿಡಬೇಡಿರೆಂದು ಸಂಚಾರ ಪೊಲೀಸರು ಮನವಿ ಮಾಡುತ್ತಾರೆ. ಬಿಹಾರ, ಒಡಿಶಾ, ಬಂಗಾಳಗಳಿಂದ ಬಂದ ಕಾರ್ಮಿಕರಿಗಾದರೋ ಯಂತ್ರಪೂಜೆಯ ದಿನ ಮಹಾನವಮಿಯಲ್ಲ, ಕನ್ಯಾ ಸಂಕ್ರಮಣವನ್ನು ಅನುಸರಿಸಿ ಸಾಮಾನ್ಯವಾಗಿ ಸೆಪ್ಟೆಂಬರ್ 17ರಂದು ಬರುವ ವಿಶ್ವಕರ್ಮ ಪೂಜೆ. ತಮ್ಮ ಊರಿನ ಕಾರ್ಖಾನೆಗಳಲ್ಲಿ ಆ ದಿನ ಯಂತ್ರ ನಿಲ್ಲಿಸಿ ಸಿಹಿ ಹಂಚುವುದನ್ನು ಕಂಡು ಬಂದವರು ಪೀಣ್ಯದ ಮಾಲೀಕರಿಂದಲೂ ಅದನ್ನು ಹಕ್ಕಾಗಿ ಕೇಳತೊಡಗಿದರೆ, ಆಗ ಆ ಪೂಜೆಯೂ ರಾಜಗೋಪಾಲನಗರದ ಸಂಪ್ರದಾಯವೇ ಆಗುತ್ತದೆ.