ಒಂದು ತಾಮ್ರದ ಕಾಸಿನ ಕಥೆ

ಶತಮಾನೋತ್ಸವದ ಈ ಸಂಚಿಕೆಗಾಗಿ ನಾವು ಹಳೆಯ ಕಾಗದಪತ್ರಗಳನ್ನು ಅರಸುತ್ತಿದ್ದಾಗ, ಪಾಲಾರಿನ ವೃದ್ಧ ವಿಶ್ವಾಸಿಯೊಬ್ಬರು ಮನೆಯ ಪೆಟ್ಟಿಗೆಯಲ್ಲಿದ್ದ ತಾಮ್ರದ ನಾಣ್ಯವೊಂದನ್ನು ತಂದು ನಮ್ಮ ಕೈಯಲ್ಲಿಟ್ಟರು. "ಸ್ವಾಮಿ, ಇದು ಅಕ್ಕಿಯನ್ನು ಸೆಳೆಯುತ್ತದಂತೆ, ಲಕ್ಷಗಟ್ಟಲೆ ಬೆಲೆಯಂತೆ. ನಿಜವೇ?" ಎಂದು ಕೇಳಿದರು. ಅವರಿಗೆ ಹೇಳಿದುದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇವೆ.

ನಾಣ್ಯದ ಒಂದು ಮುಖದಲ್ಲಿ ಎರಡು ಸಿಂಹಗಳ ನಡುವೆ ಗುರಾಣಿ, ಈಸ್ಟ್ ಇಂಡಿಯಾ ಕಂಪೆನಿಯ ಹೆಸರು, 1808ರ ಇಸವಿ ಇವೆ. ಗುರಾಣಿಯ ಕೆಳಗಿನ ಪಟ್ಟಿಯಲ್ಲಿ ಸಂಕ್ಷಿಪ್ತವಾದ ಲತೀನ್ ವಾಕ್ಯವೊಂದಿದೆ. ಗುರುಮಠದಲ್ಲಿ ಕಲಿತ ಲತೀನ್ ಇಲ್ಲಿ ನಮ್ಮ ನೆರವಿಗೆ ಬಂತು. 'ಇಂಗ್ಲೆಂಡಿನ ಅರಸನ ಹಾಗೂ ಸಂಸತ್ತಿನ ಆಶ್ರಯದಲ್ಲಿ' ಎಂಬುದು ಅದರ ಅರ್ಥ. ಮತ್ತೊಂದು ಮುಖದ ಪಾರಸಿ ಬರಹವು ಇಪ್ಪತ್ತು ಕಾಸು ನಾಲ್ಕು ಫಲೂಸಿಗೆ ಸಮವೆನ್ನುತ್ತದೆ. ಅದರ ಕೆಳಗೆ ಇಂಗ್ಲಿಷಿನಲ್ಲಿ ಇಪ್ಪತ್ತು ಕ್ಯಾಶ್ ಎಂದಿದೆ. ಈ ಕ್ಯಾಶ್ ಬೇರೇನೂ ಅಲ್ಲ, ನಮ್ಮ ಕಾಸೇ ಪರದೇಶಿಯರ ನಾಲಗೆಯಲ್ಲಿ ತಾಳಿದ ರೂಪ. ಅಂದಿನ ಮದರಾಸಿನ ಲೆಕ್ಕದಲ್ಲಿ 80 ಕಾಸಿಗೆ ಒಂದು ಹಣ, 42 ಹಣಕ್ಕೆ ಒಂದು ವರಾಹ. ಎಂದರೆ ಒಂದು ವರಾಹಕ್ಕೆ ಇಂಥ 168 ನಾಣ್ಯಗಳು ಬೇಕಾಗಿದ್ದವು. ಇದು ಬಡವರ ಕೈಯ ಚಿಲ್ಲರೆ.

ಇದು ಅಚ್ಚಾದುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೋ ಟಂಕಸಾಲೆಯಲ್ಲಿ. ಮ್ಯಾಥ್ಯೂ ಬೋಲ್ಟನ್ ಎಂಬಾತನು ಅಲ್ಲಿ ಉಗಿಯಂತ್ರದ ಬಲದಿಂದ ನಾಣ್ಯಗಳನ್ನು ಅಚ್ಚು ಹಾಕಿಸುತ್ತಿದ್ದನು. ಇಂಥ ನಾಣ್ಯಗಳನ್ನು ಟನ್ನುಗಟ್ಟಲೆ ಹೊತ್ತು ಭಾರತಕ್ಕೆ ಹೊರಟ 'ಅಡ್ಮಿರಲ್ ಗಾರ್ಡನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರಾವಳಿಯ ಗುಡ್ವಿನ್ ಮರಳುದಿಬ್ಬಗಳಲ್ಲಿ ಮುಳುಗಿತು. 1980ರ ದಶಕದಲ್ಲಿ ಆ ನಾಣ್ಯಗಳನ್ನು ಲಕ್ಷಗಟ್ಟಲೆ ಮೇಲೆತ್ತಲಾಯಿತು. ಆದುದರಿಂದ ಇವು ಅಪೂರ್ವ ವಸ್ತುಗಳೇನೂ ಅಲ್ಲ.

ಆಂಗ್ಲರ ಈ ನಾಣ್ಯ ನಮ್ಮ ಸೀಮೆಗೆ ಸೇರಿದುದೇಕೆ? 1799ರಲ್ಲಿ ಶ್ರೀರಂಗಪಟ್ಟಣವು ಪತನವಾಗಿ ಟಿಪ್ಪು ಸುಲ್ತಾನನು ಮಡಿದ ಬಳಿಕ, ಕೊಳ್ಳೇಗಾಲದ ಸೀಮೆಯು ಕಂಪೆನಿಯ ಪಾಲಾಗಿ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಮೈಸೂರು ಸೀಮೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯಗಳ ಮೇಲೆ 'ಮಯಿಲಿ ಕಾಸು' ಎಂಬ ಕನ್ನಡದ ಬರಹವಿತ್ತು. ನಮ್ಮ ಪೂರ್ವಿಕರ ಈ ಕಾಸಿನ ಮೇಲೆ ಇಂಗ್ಲಿಷ್, ಲತೀನ್, ಪಾರಸಿ ಮೂರೂ ಇದ್ದವು. ಅವರಾಡುವ ಕನ್ನಡವೂ ಇರಲಿಲ್ಲ, ತಮಿಳೂ ಇರಲಿಲ್ಲ. ಕೊಳ್ಳೇಗಾಲವು ಮರಳಿ ಮೈಸೂರಿಗೆ ಸೇರಿದುದು 1956ರ ನವೆಂಬರ್ 1ರಂದು.

ಇನ್ನು ಅಕ್ಕಿಯ ಮಾತು. ತಾಮ್ರವು ಅಕ್ಕಿಯನ್ನು ಸೆಳೆಯದು. ಅಕ್ಕಿಕಾಳಿಗೆ ಕಬ್ಬಿಣದ ಪುಡಿ ಬಳಿದು, ಅಯಸ್ಕಾಂತವನ್ನು ಮರೆಮಾಡಿ ತೋರಿಸುವ ಕೈಚಳಕವದು. 1818 ಎಂಬ ಇಸವಿ, ಕಂಪೆನಿಯ ಹೆಸರು, ಜೊತೆಗೆ ದೇವತೆಗಳ ಚಿತ್ರ ಇರುವ ಬಿಲ್ಲೆಗಳನ್ನು ಕಂಪೆನಿಯು ಎಂದೂ ಹೊರಡಿಸಿರಲಿಲ್ಲ. ಇಂಥ ಆಸೆಗೆ ಬಿದ್ದು ಹೊಲಮನೆಗಳನ್ನು ಕಳೆದುಕೊಂಡವರಿದ್ದಾರೆ. ನೀವು ಮೋಸಹೋಗಬೇಡಿರಿ.

ವಿಷಯವನ್ನು ತಿಳಿದ ಆ ಹಿರಿಯರು ನಾಣ್ಯವನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿ, "ಹಾಗಾದರೆ ಇದು ನಮ್ಮ ಅಜ್ಜನ ಕಾಸು, ಅಷ್ಟೇ" ಎಂದರು. ಅಷ್ಟೇ ಸಾಕಲ್ಲವೇ? ಬಡ ವಿಧವೆ ಕಾಣಿಕೆಯ ಪೆಟ್ಟಿಗೆಗೆ ಹಾಕಿದ ಎರಡು ತಾಮ್ರದ ಕಾಸನ್ನು ಪ್ರಭು ಯೇಸು ಧನಿಕರ ಕಾಣಿಕೆಗಿಂತ ಮಿಗಿಲೆಂದು ಎಣಿಸಿದರು. ಅಜ್ಜನ ಬೆವರಿನ ಕಾಸನ್ನು ಮಾರದೆ ಮೊಮ್ಮಕ್ಕಳಿಗೆ ತೋರಿಸಿರಿ. ಈ ಸೀಮೆಯ ಚರಿತ್ರೆಯನ್ನು ಹೇಳಿಕೊಡಿರಿ.