ಮೆಂತೆಯ ಪಕ್ಕದಲ್ಲಿ ಅಗಸೆ

ಗದಗ, ಧಾರವಾಡದ ಕಡೆ ಅಗಸೆಯನ್ನು, ಅವರ ಮಾತಿನ ಅಗಸಿಯನ್ನು, ನೆನೆಹಾಕುತ್ತೇವೆಂದರೆ ಅಜ್ಜಿಯರು ನಕ್ಕಾರು. ಅಲ್ಲಿ ಅದು ಹುರಿಯುವ ಕಾಳು. ಚಟಪಟ ಸಿಡಿದ ಮೇಲೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಕುಟ್ಟಿದರೆ ಅಗಸಿ ಹಿಂಡಿ. ಜೋಳದ ರೊಟ್ಟಿಯ ಮಗ್ಗುಲಲ್ಲಿ ಅದೂ ಒಂದಿಷ್ಟು ಮೊಸರೂ ಇದ್ದರೆ ಊಟವಾಯಿತು. ಹಿಂಗಾರಿನ ಕರಿಮಣ್ಣಿನಲ್ಲಿ ನೀಲಿ ಹೂ ಬಿಡುವ ಬೆಳೆ ಅದು.

ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ, ಕಾಪು, ಕಾರ್ಕಳದ ಮುರಕಲ್ಲಿನ ನೆಲಕ್ಕೂ ಅದಕ್ಕೂ ನಂಟಿಲ್ಲ. ಇಲ್ಲಿ ಅಡುಗೆಯ ಎಣ್ಣೆಗೆ ತೆಂಗಿತ್ತು. ಅಗಸೆ ಎಣ್ಣೆಯ ಕೆಲಸ ಬಣ್ಣದಲ್ಲಿ, ಮರದ ಪಾಲಿಶಿನಲ್ಲಿ. ಗಾಳಿ ತಾಗಿದರೆ ಒಣಗಿ ಪದರಗಟ್ಟುವ ಎಣ್ಣೆಯದು.

ನೆನೆಹಾಕುವ ವಿದ್ಯೆ ಮಾತ್ರ ಕರಾವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲೇ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆಯುವ ಕ್ರಮವಿದೆ. ಉದ್ದಿಗೆ ಅಕ್ಕಿ ಜೊತೆಯಾದ ಮೇಲೆ ಉಡುಪಿಯ ಮನೆಗಳಲ್ಲಿ ನಾಳೆಯ ತಿಂಡಿ ಇಂದಿನ ಪಾತ್ರೆಯಲ್ಲೇ ಶುರು. ಅಷ್ಟಮಿಯಂದು ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಮೂಡೆಗಾದರೆ ಮುಂಡಕದ ಓಲಿ ಸಿದ್ಧವಾಗುವ ಹೊತ್ತಿಗೆ ಅಕ್ಕಿ, ಉದ್ದು ನೀರು ಕುಡಿದಿರಬೇಕು. ದೋಸೆಯ ಅಕ್ಕಿಗೆ ಒಂದು ಚಮಚ ಮೆಂತೆ. ಅದು ಉಬ್ಬಿ ಲೋಳೆ ಬಿಡುತ್ತದೆ, ದೋಸೆ ಮೆತ್ತಗಾಗುತ್ತದೆ. ಗ್ರೈಂಡರ್ ಬರುವ ಮುನ್ನ ಇದೆಲ್ಲ ಕಡೆಯುವ ಕಲ್ಲಿನ ಮುಂದೆ ಕೂತವರ ತೋಳಿನ ಕೆಲಸ. ಲೋಳೆಯ ಬಗ್ಗೆ ಇಲ್ಲಿ ಅಸಹ್ಯವೂ ಇಲ್ಲ: ಬಸಳೆ ಸಾಂಬಾರಿಗೆ, ದಾಸವಾಳದ ಎಲೆ ತಲೆಗೆ.

ಹೀಗಾಗಿ ಹೊರಗಿನಿಂದ ಬಂದ ಅಗಸೆಗೆ ಮೆಂತೆಯ ಪಕ್ಕದಲ್ಲೇ ಜಾಗ ಸಿಕ್ಕಿತು. ನೀರಿಗೆ ಬಿದ್ದರೆ ಅದೂ ಲೋಳೆಯೇ. ಸಿಪ್ಪೆ ಗಟ್ಟಿ, ಇಡಿಯಾಗಿ ನುಂಗಿದರೆ ಹಾಗೇ ಹೊರಹೋಗುವುದೇ ಹೆಚ್ಚು, ಅರೆದರೆ ಮಾತ್ರ ಒಳಗಿನ ಎಣ್ಣೆ ದಕ್ಕುತ್ತದೆ. ದೋಸೆ ಹಿಟ್ಟಿನ ಜೊತೆ ಅರೆಯುವವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಜನ ಅಗಸೆ ಕೊಳ್ಳುವುದು ಆ ಎಣ್ಣೆಯಲ್ಲಿರುವ ಒಮೆಗಾ-3 ಎಂಬ ಹೆಸರಿಗೆ. ಮಲ್ಪೆಯ ಬಂಗುಡೆ, ಬೂತಾಯಿ ಉಣ್ಣುವವರಿಗೆ ಅದು ತಲೆಮಾರುಗಳಿಂದ ತಟ್ಟೆಯಲ್ಲೇ ಇತ್ತು, ಹೆಸರಿಲ್ಲದೆ! ಅಗಸೆಯದು ಬೇರೆ ಬಗೆಯದು. ಮೀನಿನಲ್ಲಿರುವ ರೂಪಕ್ಕೆ ನಮ್ಮ ದೇಹ ಅದನ್ನು ತಿರುಗಿಸಿಕೊಳ್ಳುವುದು ಅಲ್ಪವೇ. ಮೀನು ಮುಟ್ಟದ ಮನೆಗಳಿಗೆ ಅಷ್ಟಾದರೂ ಆಯಿತು.

1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಮಣಿಪಾಲದ ಗುಡ್ಡ ಪರವೂರಿನವರದೂ ಆಯಿತು. ಇಂದು ಅಲ್ಲಿನ ಅಂಗಡಿಯಲ್ಲಿ ಅಗಸೆಯ ಪೊಟ್ಟಣದ ಮೇಲೆ ‘ಫ್ಲ್ಯಾಕ್ಸ್ ಸೀಡ್’ ಎಂದಿರುತ್ತದೆ. ಧಾರವಾಡದಿಂದ ಓದಲು ಬಂದವರ ಡಬ್ಬಿಯಲ್ಲಿ ಅದೇ ಕಾಳು, ಬೆಳ್ಳುಳ್ಳಿ ವಾಸನೆಯೊಂದಿಗೆ.