ಲುವೇನ್ ಗ್ರಂಥಭಂಡಾರದ ದಹನವೂ ಯುದ್ಧಕಾಲದ ಗ್ರಂಥರಕ್ಷಣೆಯೂ

ಬೆಲ್ಜಿಯಂ ದೇಶದ ಲುವೇನ್ ವಿಶ್ವವಿದ್ಯಾಲಯವು 1425ರಲ್ಲಿ ಸ್ಥಾಪಿತವಾದುದು. 1914ರ ಆಗಸ್ಟ್ 25ರ ರಾತ್ರಿ, ನಗರವನ್ನು ಆಕ್ರಮಿಸಿದ್ದ ಜರ್ಮನ್ ಸೈನಿಕರು ಹಚ್ಚಿದ ಬೆಂಕಿಗೆ ಅದರ ಗ್ರಂಥಭಂಡಾರವು ಆಹುತಿಯಾಯಿತು. ಸುಮಾರು 3,00,000 ಗ್ರಂಥಗಳು, ಅವುಗಳೊಡನೆ ಒಂದು ಸಾವಿರದಷ್ಟು ಹಸ್ತಪ್ರತಿಗಳು ಬೂದಿಯಾದುವು. ನಾಗರಿಕರು ತಮ್ಮ ಮೇಲೆ ಗುಂಡು ಹಾರಿಸಿದರೆಂಬುದು ಜರ್ಮನರ ಸಮರ್ಥನೆ. ಅದು ನಿಜವೆಂದೇ ಇಟ್ಟುಕೊಂಡರೂ ಗ್ರಂಥಗಳನ್ನು ಸುಡಲು ಕಾರಣವಾಗಲಾರದು.

ಆಗ ನಿಯಮವೇ ಇರಲಿಲ್ಲವೆಂದಲ್ಲ. ಧರ್ಮ, ದಾನ, ವಿದ್ಯೆ, ಕಲೆ, ಶಾಸ್ತ್ರಗಳಿಗೆ ಮೀಸಲಾದ ಸಂಸ್ಥೆಗಳ ಸ್ವತ್ತನ್ನು ಬೇಕೆಂದು ನಾಶಗೊಳಿಸಕೂಡದೆಂದೂ ಹಾಗೆ ಮಾಡಿದವರನ್ನು ವಿಚಾರಣೆಗೆ ಗುರಿಪಡಿಸಬೇಕೆಂದೂ 1907ರ ಹೇಗ್ ನಿಯಮಾವಳಿಯ 56ನೆಯ ವಿಧಿಯು ಸ್ಪಷ್ಟವಾಗಿ ಹೇಳಿತ್ತು. ಉಭಯ ರಾಷ್ಟ್ರಗಳೂ ಅದನ್ನು ಅಂಗೀಕರಿಸಿದ್ದುವು.

ಯುದ್ಧಾನಂತರ, 1919ರ ವರ್ಸೇಲ್ಸ್ ಸಂಧಿಯ 247ನೆಯ ವಿಧಿಯು ಲುವೇನ್‌ಗೆ ಪರಿಹಾರವನ್ನು ಗೊತ್ತುಪಡಿಸಿತು. ದಗ್ಧವಾದುವುಗಳಿಗೆ ಸಂಖ್ಯೆಯಲ್ಲಿಯೂ ಮೌಲ್ಯದಲ್ಲಿಯೂ ಸಮನಾದ ಹಸ್ತಪ್ರತಿಗಳು, ಮುದ್ರಿತ ಗ್ರಂಥಗಳು, ಭೂಪಟಗಳು ಮೊದಲಾದವನ್ನು ಜರ್ಮನಿಯು ಒದಗಿಸತಕ್ಕದ್ದು. ಮುದ್ರಿತ ಗ್ರಂಥಗಳ ಮಟ್ಟಿಗೆ ಇದು ನ್ಯಾಯವೇ. ಒಂದು ಸುಟ್ಟರೆ ಅದೇ ಮುದ್ರಣದ ಮತ್ತೊಂದು ದೊರೆತೀತು. ಹಸ್ತಪ್ರತಿಗೆ ಈ ಲೆಕ್ಕ ಒಪ್ಪದು. ಗ್ರಂಥಸಂಪಾದನೆಯಲ್ಲಿ ಕೈಯಾಡಿಸಿದವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಲಿಪಿಕಾರನು ಉಳಿಸಿಕೊಂಡ ಪಾಠ, ಅಂಚಿನಲ್ಲಿ ಯಾರೋ ಓದುಗನು ತಿದ್ದಿದ ಅಕ್ಷರ, ಕಡೆಯಲ್ಲಿ ಬರೆಯಿಸಿದವರ ಹೆಸರು ಮತ್ತು ಕಾಲ, ಇವೆಲ್ಲ ಆ ಒಂದು ಪ್ರತಿಯೊಡನೆಯೇ ಅಳಿಯುತ್ತವೆ. ಅದಕ್ಕೆ ಬದಲಾಗಿ ಬಂದ ಪ್ರತಿಯು ಎಷ್ಟೇ ಪ್ರಾಚೀನವಾಗಿರಲಿ, ಎಷ್ಟೇ ಬೆಲೆಯುಳ್ಳದ್ದಾಗಿರಲಿ, ಅದು ಬೇರೆ ಪಾಠಕ್ಕೆ ಸಾಕ್ಷಿ. ಸಂಧಿಯನ್ನು ರಚಿಸಿದವರು ಹಸ್ತಪ್ರತಿಯನ್ನು ಮೊದಲು ಹೆಸರಿಸಿಯೂ ಅದರ ಸ್ವಭಾವವನ್ನು ಅರಿಯದೆ ಹೋದರು.

1928ರಲ್ಲಿ ಹೊಸ ಕಟ್ಟಡವು ಉದ್ಘಾಟನೆಗೊಂಡಿತು. 1940ರ ಮೇ ತಿಂಗಳಿನಲ್ಲಿ, ಎರಡನೆಯ ಮಹಾಯುದ್ಧದ ಆರಂಭಕಾಲದಲ್ಲಿ, ಅದೂ ಉರಿದು ಸುಮಾರು 9,00,000 ಸಂಪುಟಗಳು ನಷ್ಟವಾದುವು.

ನಾಶದ ಅನಂತರ ಲೆಕ್ಕ ಹಾಕುವುದಕ್ಕಿಂತ ಮೊದಲೇ ಕಾಯುವುದು ಮೇಲೆಂಬ ಭಾವನೆಯು 1954ರ ಹೇಗ್ ಒಪ್ಪಂದದಲ್ಲಿ ಕಾಣಬರುತ್ತದೆ. ಭಾರತವು 1958ರಲ್ಲಿ ಇದನ್ನು ಅಂಗೀಕರಿಸಿತು. ಅದರ 1ನೆಯ ವಿಧಿಯು ರಕ್ಷಣೀಯ ವಸ್ತುಗಳಲ್ಲಿ ಹಸ್ತಪ್ರತಿಗಳನ್ನು ಹೆಸರಿಸುತ್ತದೆ. ರಕ್ಷಣೆಯ ಸಿದ್ಧತೆಯು ಶಾಂತಿಕಾಲದಲ್ಲಿಯೇ ಆಗಬೇಕೆಂಬುದು 3ನೆಯ ವಿಧಿ. ಅನಿವಾರ್ಯವಾದ ಸೈನಿಕ ಅಗತ್ಯವಿದ್ದಲ್ಲಿ ವಿನಾಯಿತಿಯುಂಟೆಂಬ 4ನೆಯ ವಿಧಿಯ ಮಾತು ಮಾತ್ರ ದೊಡ್ಡ ಬಿರುಕು. 1999ರ ಎರಡನೆಯ ಪೂರಕ ಒಪ್ಪಂದವು ಅದನ್ನು ಬಹುಮಟ್ಟಿಗೆ ಕಿರಿದುಗೊಳಿಸಿತು. ಶಾಂತಿಕಾಲದ ಸಿದ್ಧತೆಯೆಂದರೇನೆಂಬುದನ್ನೂ ಬಿಡಿಸಿ ಹೇಳಿತು. ಬೆಂಕಿಯಿಂದ ರಕ್ಷಣೆ, ಗ್ರಂಥಗಳ ಸ್ಥಳಾಂತರಕ್ಕೆ ಏರ್ಪಾಟು, ಹೊಣೆಗಾರರ ನೇಮಕ ಇವೆಲ್ಲ ಅಲ್ಲಿವೆ. ಆದರೆ ಇವುಗಳಿಗಿಂತ ಮೊದಲು ಆ ವಿಧಿಯು ಹೆಸರಿಸುವುದು ಸಂಗ್ರಹದಲ್ಲಿರುವುದರ ಸೂಚಿಯನ್ನು ಸಿದ್ಧಪಡಿಸುವ ಕಾರ್ಯವನ್ನು.